ಕಣ್ಣಾರೆ ಕಂಡ ವರ

“ಈ ಹುಡುಗ ಬೇಡ,” ಎಂದ ಸೂರೊನ್‌ಬಾಯ್.

ಹುಡುಗ ಇನ್ನೂ ಎದುರಿಗೇ ಕೂತಿದ್ದ. ಕೈಯಲ್ಲಿ ಚಹಾದ ಬಟ್ಟಲು, ಬಾಯಲ್ಲಿ ಕರಿದ ಬೌರ್ಸಾಕ್ ರೊಟ್ಟಿಯ ಅರ್ಧ ತುಂಡು. ಮದುವೆಯಾದರೆ ಇವನನ್ನೇ ಎಂದು ಮಗಳು ಸಲ್ತನತ್ ಕರೆತಂದಿದ್ದ ಕುಬತ್ ಅವನು. ಹೊಸಿಲು ದಾಟಿ ಬಂದವನ ಮುಖ ಕಂಡಾಗಲೇ ಸೂರೊನ್‌ಬಾಯ್ ಬಿಳಿಚಿಕೊಂಡಿದ್ದ.

ಹೆಂಡತಿ ಬುರುಲ್ ರೇಗಿದಳು. “ಬಂದವನು ಬಾಯಲ್ಲಿರೋದನ್ನ ನುಂಗೋಷ್ಟರಲ್ಲಿ ಏನ್ರೀ ನಿಮ್ಮ ತೀರ್ಪು? ಕಾರಣ ಹೇಳಿ.”

“ಆಸ್ಪತ್ರೆ ಹಿಂದಿನ ಗಲ್ಲೀಲಿ ಹಸಿರು ಬಾಗಿಲಿದೆಯಲ್ಲ? ಹೆರಾಯಿನ್ ಚಟದವರಿಗೆ ಬೆಳಿಗ್ಗೆ ಬೆಳಿಗ್ಗೆ ಮೆಥಡೋನ್ ಔಷಧಿ ಕುಡಿಸೋ ಜಾಗ. ಇವನು ದಿನಾ ಅಲ್ಲಿರ್ತಾನೆ. ನನ್ನ ಕಣ್ಣಾರೆ ನೋಡಿದೀನಿ.”

ಸೂರೊನ್‌ಬಾಯ್‌ನ ಟೋಪಿ ಅಂಗಡಿ ಓಶ್ ಊರಿನ ಬಜಾರಿನಲ್ಲಿ. ಬೆಳಗಾಗುತ್ತಲೇ ಮನೆ ಬಿಡುವವನು. ಆ ಗಲ್ಲಿ ಅವನ ದಾರಿಯಲ್ಲೇ. ಅನುಮಾನಿಸಲು ಎಡೆಯಿರಲಿಲ್ಲ.

ಸಲ್ತನತ್ ಕುಬತ್‌ನತ್ತ ತಿರುಗಿದಳು. ಆಸ್ಪತ್ರೆಯಲ್ಲಿ ಕೆಲಸ ಎಂದಷ್ಟೇ ಅವನು ಹೇಳಿದ್ದ. ಯಾವ ವಿಭಾಗ ಎಂದರೆ ನಕ್ಕು ಮಾತು ಹಾರಿಸುತ್ತಿದ್ದ.

“ನಿಜಾನಾ?”

ಕುಬತ್ ಸೂರೊನ್‌ಬಾಯ್‌ನನ್ನೇ ಸ್ವಲ್ಪ ಹೊತ್ತು ನೋಡಿದ. “ನಿಜ. ದಿನಾ ಇರ್ತೀನಿ.”

“ಯಾಕೆ?”

“ಅದನ್ನ ಇಲ್ಲಿ ಹೇಳೋಕಾಗಲ್ಲ.”

“ನೋಡಿದ್ರಾ!” ಸೂರೊನ್‌ಬಾಯ್‌ನ ದನಿ ಏರಿತು. ಕಣ್ಣು ಮಾತ್ರ ಚಹಾದ ಬಟ್ಟಲಿನಲ್ಲೇ ಇತ್ತು. “ಆ ಪುಡಿ ಹಿಡಿದ್ರೆ ಬಿಡೋ ಪೈಕಿ ಅಲ್ಲ. ಒಂದು ದಿನ ಸಿಗದಿದ್ರೆ ಮೂಳೆ ಮೂಳೆ ಮುರಿದಂಗೆ ನೋವು, ಬೇಸಿಗೇಲೂ ನಡುಕ. ಹೆತ್ತ ಮಕ್ಕಳ ಮುಖಾನೂ ನೆನಪಾಗಲ್ಲ. ಅಂಥವರಿಗೆ ಯಾರು ಹೆಣ್ಣು ಕೊಡ್ತಾರೆ?”

“ಅದು ಕಾಯಿಲೆ, ಯಜಮಾನರೇ,” ಎಂದ ಕುಬತ್ ಮೆಲ್ಲಗೆ. “ಸಕ್ಕರೆ ಕಾಯಿಲೆ ಇದ್ದಂಗೆ. ತಪ್ಪದೆ ಔಷಧಿ ತಗೊಂಡು ನೆಟ್ಟಗೆ ಸಂಸಾರ ಮಾಡೋರು ಎಷ್ಟೋ ಜನ ಇದಾರೆ. ಅವರ ಮೇಲೆ ನಂಗೆ ಗೌರವ ಇದೆ.”

“ಗೌರವ ಅಂತೆ!” ಬುರುಲ್ ಗೊಣಗಿದಳು. “ಇದಕ್ಕಿಂತ ವೋಡ್ಕಾ ಕುಡುಕನೇ ವಾಸಿ. ವಾಸನೆಯಾದ್ರೂ ಬರತ್ತೆ, ಹೆಂಡತಿಗೆ ಗೊತ್ತಾಗತ್ತೆ.”

ಕುಬತ್ ಎದ್ದ. ಎದೆಯ ಮೇಲೆ ಕೈಯಿಟ್ಟು ಎಲ್ಲರಿಗೂ ವಂದಿಸಿ ಹೊರಟುಹೋದ.

ಸಲ್ತನತ್ ಸುಮ್ಮನೆ ಅತ್ತು ಮಲಗುವವಳಲ್ಲ. ಮರುದಿನ ಬೆಳಿಗ್ಗೆ ಹಸಿರು ಬಾಗಿಲು ತಳ್ಳಿಕೊಂಡು ಒಳಗೆ ಹೋದಳು. ಬೈಗುಳಗಳನ್ನು ದಾರಿಯುದ್ದಕ್ಕೂ ಹೊಂದಿಸಿಕೊಂಡೇ ಬಂದಿದ್ದಳು. ಸಾಲಿನ ಹಿಂದಿನಿಂದ ಒಂದೊಂದೇ ಬೆನ್ನು ದಿಟ್ಟಿಸಿ ನೋಡಿದಳು. ಕುಬತ್ ಸಾಲಿನಲ್ಲಿರಲಿಲ್ಲ.

ಸಾಲಿನ ತುದಿಯ ಕಿಟಕಿಯ ಆಚೆಗಿದ್ದ. ಬಿಳಿ ಕೋಟು ತೊಟ್ಟು, ಪುಟ್ಟ ಲೋಟಗಳಿಗೆ ಔಷಧಿ ಅಳೆದು ಹಾಕುತ್ತಿದ್ದ.

ಅವಳಿಗೆ ನಗುವೂ ಅಳುವೂ ಒಟ್ಟಿಗೇ ನುಗ್ಗಿ ಬಂದವು. ಕತ್ತೆ! ‘ನಾನಿಲ್ಲಿ ನರ್ಸು’ ಅನ್ನೋಕೆ ಇವನಿಗೇನು ಧಾಡಿಯಾಗಿತ್ತು? ಅದನ್ನೇ ಕೇಳಿಬಿಡೋಣವೆಂದು ಜನರನ್ನು ಸರಿಸಿಕೊಂಡು ಮುಂದೆ ಬಂದಳು.

“ನುಂಗಿದ್ರಾ? ಎಲ್ಲಿ, ಬಾಯಿ ತೆರೀರಿ,” ಎನ್ನುತ್ತಿದ್ದ ಕುಬತ್, ಸಾಲಿನ ಮೊದಲಿಗನಿಗೆ.

ಬಾಯಿ ತೆರೆದು ನಿಂತಿದ್ದವನು ಅವಳ ಅಪ್ಪ.