ಹಸಿ ಕಲೆ

ಬಾಗಿಲು ಬಡಿದ ಸದ್ದಿಗೆ ಉರ್ಸುಲಾ ಮೇಣದ ಬತ್ತಿಯನ್ನು ಊದಿಬಿಟ್ಟಳು. ರಾಜ ಚಾರ್ಲ್ಸನ ತಲೆ ಕಡಿಸಿದವರ ಸೈನಿಕರು ಲಂಡನ್ನಿನ ಮನೆಗಳನ್ನು ಶೋಧಿಸುತ್ತಿದ್ದದ್ದು ಇಂಥ ಹೊತ್ತಿನಲ್ಲೇ. ಅಟ್ಟದಲ್ಲಿ ಪಾದ್ರಿ ಆಂಬ್ರೋಸರು ಅಡಗಿದ್ದರು. ಅವರ ಬಳಿಯೇ ರಾಜನ ರಕ್ತದ ಬಟ್ಟೆಯಿದ್ದ ಪೆಟ್ಟಿಗೆಯೂ ಇತ್ತು.

“ಸೈನಿಕರಲ್ಲಮ್ಮ,” ಎಂದಿತು ಹೆಣ್ಣುದನಿ. “ಮಗಳ ಕತ್ತಿನ ಗಂಟು ಒಡೆದಿದೆ. ರಾಜರ ಬಟ್ಟೆ ಒಂದ್ಸಲ ಮುಟ್ಟಿಸಿ, ಸಾಕು.”

ತಾಯಿ-ಮಗಳಿಬ್ಬರನ್ನೂ ಒಳಗೆ ಕರೆದು, ಬತ್ತಿ ಮತ್ತೆ ಹಚ್ಚಿ, ಪೆಟ್ಟಿಗೆ ತರಲು ಕೆಲಸದ ಥಾಮಸಿನ್‌ಳನ್ನು ಕಳಿಸಿದರೂ ಉರ್ಸುಲಾಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ವಧಾವೇದಿಕೆಯ ಕೆಳಗೆ ಹುತಾತ್ಮ ರಾಜನ ರಕ್ತದಲ್ಲಿ ತಾನೇ ಅದ್ದಿ ತಂದ ಕರವಸ್ತ್ರವದು. ರಾಜರಕ್ತ ಸೋಕಿದರೆ ಕತ್ತಿನ ಗಂಟು ವಾಸಿಯಾಗುತ್ತದೆಂಬ ನಂಬಿಕೆಯಿಂದ ಎಷ್ಟೋ ರೋಗಿಗಳ ಕತ್ತಿಗೆ ಉಜ್ಜಿ ಉಜ್ಜಿ ಕಲೆಯೇ ಮಾಸಿಹೋಗಿತ್ತು. ಬರೀ ಬಟ್ಟೆ ಕಂಡರೆ ಈ ತಾಯಿಯ ಗತಿಯೇನು?

“ತೆಗೀರಿ ಅಮ್ಮಾವ್ರೇ, ಒಳಗಿರೋದು ಕಚ್ಚಲ್ಲ,” ಎಂದು ಥಾಮಸಿನ್ ಪೆಟ್ಟಿಗೆಯನ್ನು ಕುಕ್ಕಿದಳು. ಮುಚ್ಚಳ ತೆರೆದರೆ ಬಟ್ಟೆಯ ನಡುವೆ ಕೆಂಪು ಹಸಿಯಾಗಿ ಹೊಳೆಯಿತು. ತಾಯಿ ಬಿಕ್ಕುತ್ತ ಮೊಣಕಾಲೂರಿದಳು. ಪವಾಡವೋ, ಕೆಲಸದವಳ ಕುಚೇಷ್ಟೆಯೋ? ಉರ್ಸುಲಾ ಥಾಮಸಿನ್‌ಳ ಕೈಗಳನ್ನು ದಿಟ್ಟಿಸಿದಳು. ಅವುಗಳಲ್ಲಿ ಹಿಟ್ಟು ಮೆತ್ತಿತ್ತು, ಗಾಯವಿರಲಿಲ್ಲ.

ಅಷ್ಟರಲ್ಲಿ ಪಾದ್ರಿಗಳು ಇಳಿದು ಬಂದು ಮಗುವನ್ನು ಹರಸಿದರು. ಹರಸುವಾಗ ಎರಡೂ ಕೈಗಳನ್ನು ತಲೆಯ ಮೇಲಿಡುವವರು ಇಂದು ಒಂದನ್ನೇ ಇಟ್ಟಿದ್ದರು. ಇನ್ನೊಂದು ನಿಲುವಂಗಿಯ ತೋಳೊಳಗೆ ಅಡಗಿತ್ತು. ತೋಳಿನ ಅಂಚು ಕೆಂಪಗೆ ನೆನೆಯುತ್ತಿತ್ತು. ತಾಯಿ ತಲೆಯೆತ್ತುವ ಮೊದಲೇ ಉರ್ಸುಲಾ ತನ್ನ ಶಾಲನ್ನು ಆ ಕೈಯ ಮೇಲೆ ಎಳೆದು ಮುಚ್ಚಿ, ಪಿಸುಗುಟ್ಟಿದಳು:

“ನೀವೇನಾ, ಆಂಬ್ರೋಸ್ ಪಾದ್ರಿಗಳೇ?”