ಎದುರು ಮನೆ

ಕಾಲೊನಿಯ ಮೂಲೆ ಮನೆ ಸುಗುಣಳದು. ಎರಡು ಕಡೆ ರಸ್ತೆ, ಅಂಗಳದಲ್ಲಿ ಸಂಪಿಗೆ ಮರ. ಎದುರು ಮನೆಯ ಅಂಬುಜಳಿಗೆ ಮೊದಲಿನಿಂದಲೂ ಹೊಟ್ಟೆಕಿಚ್ಚು. ಸಾಲದ್ದಕ್ಕೆ ಸುಗುಣಳ ಗೇಟಿನ ಮೇಲಿನ ದೃಷ್ಟಿಗೊಂಬೆ ನಾಲಿಗೆ ಚಾಚಿಕೊಂಡು ಇವಳ ಬಾಗಿಲನ್ನೇ ನೋಡುತ್ತಿತ್ತು.

ಕಾಲೊನಿ ಕೆಡವಿ ಎಲ್ಲರಿಗೂ ಫ್ಲಾಟ್ ಕಟ್ಟಿಕೊಡುವ ಮಾತು ಬಂದಾಗ ಅಂಬುಜಳೇ ಮೊದಲು ಸಹಿ ಹಾಕಿದಳು.

"ನಮ್ಮ ಮನೇನೂ ಹೋಗತ್ತಲ್ಲೇ!" ಎಂದ ಗಂಡ.

"ಹೋಗ್ಲಿ ಬಿಡಿ. ಅವಳದ್ದೂ ಹೋಗತ್ತಲ್ಲ!"

ಚೀಟಿ ಎತ್ತಿದಾಗ ಮೂಲೆಯ ಫ್ಲಾಟು ಅಂಬುಜಳಿಗೇ ಬಂತು. ಸುಗುಣಳಿಗೆ ಅದರ ಎದುರಿನದು. ಗೃಹಪ್ರವೇಶದ ದಿನ ಅಂಬುಜ ಬೇಕೆಂದೇ ಅವಳಿಗೆ ಎರಡೂ ಬಾಲ್ಕನಿ ತೋರಿಸಿದಳು.

ಸುಗುಣ ನಗುತ್ತ ಚೀಲದಿಂದ ಆ ಹಳೆಯ ದೃಷ್ಟಿಗೊಂಬೆಯನ್ನು ತೆಗೆದು ಅವಳ ಕೈಗಿಟ್ಟಳು.

"ತಗೊಳ್ರೀ. ಈಗ ಎದುರು ಮನೆ ನಂದಲ್ವಾ, ಇನ್ಮೇಲೆ ಇದು ನಿಮಗೇ ಬೇಕಾಗತ್ತೆ."