ಓಣಿಯ ಬೆಲೆ ಏರಿದ ದಿನ

ಈಗಿನ ಕಾನೂನಿನಂತೆ, ಬೀದಿಯಲ್ಲಿ ವಾಸಿಸುವ ಯಾರನ್ನು ಗುದ್ದಿ ಕೊಂದರೂ ಅವರ ಗಳಿಕೆಗೆ ತಕ್ಕಂತೆ ಕಟ್ಟಿದ ಬೆಲೆ ತೆರುವಷ್ಟು ವಿಮೆ ಇಲ್ಲದಿದ್ದರೆ ಅಲ್ಲಿ ಯಾವ ಗಾಡಿಯ ಎಂಜಿನ್ನೂ ಓಡುವುದಿಲ್ಲ. ಹುಬ್ಬಳ್ಳಿಯ ಕುಂಬಾರ ಓಣಿಗೆ ಈ ತೊಂದರೆ ಇರಲಿಲ್ಲ. ಅಲ್ಲಿಯ ಜನ ಎಲ್ಲರಿಗೂ ಅನುಕೂಲವಾಗುವಷ್ಟು ಅಗ್ಗವಾಗಿದ್ದರು. ವಿಮಾ ಏಜೆಂಟ್ ಗಲಗಲಿಯವರೂ ಎಲ್ಲಕ್ಕಿಂತ ಸಣ್ಣ ವಿಮೆ ಮಾಡಿಸಿಕೊಂಡು, ದಿನಾ ಆ ಅಡ್ಡದಾರಿಯಲ್ಲಿ ಬ್ರೇಕಿಗೆ ಕಾಲು ತಾಗಿಸದೆ ಹೋಗುತ್ತಿದ್ದರು.

ಇಂದು ಓಣಿಗೆ ನುಗ್ಗುತ್ತಲೇ ಅವರ ಕಾರಿನ ಎಂಜಿನ್ ಆರಿ, ಬಂದ ವೇಗಕ್ಕೆ ಉರುಳಿ ಓಣಿಯ ನಡುವೆ ನಿಂತುಬಿಟ್ಟಿತು. ಟ್ಯಾಕ್ಸಿ ಓಡಿಸುವ ಯಮನೂರಪ್ಪನ ಮಗಳು ಶಂಕ್ರವ್ವನಿಗೆ ಡಾಕ್ಟರ್ ಸೀಟು ಸಿಕ್ಕಿ, ರಾತ್ರೋರಾತ್ರಿ ಅವಳ ಬೆಲೆ ಎರಡು ಕೋಟಿಗೆ ಏರಿತ್ತು.

"ಅಷ್ಟು ವಿಮಾ ಮಾಡಸ್ತಿ ಏನು?" ಗಲಗಲಿಯವರು ಯಮನೂರಪ್ಪನನ್ನು ಕೇಳಿದರು. "ಟ್ಯಾಕ್ಸಿ ಮಾರಿದ್ರೂ ಕಂತು ಹುಟ್ಟೂದಿಲ್ಲ. ಆಕಿ ಸೀಟು ಬಿಡಸು. ನಾಳೆ ಬೆಲಿ ಇಳದು ಮೊದಲಿನಂಗ ಸೋವಿ ಆಗ್ತಾಳ, ಎಲ್ಲಾರ ಗಾಡಿನೂ ಓಡ್ತಾವ."

ಯಮನೂರಪ್ಪ ಪಕ್ಕದ ಮನೆಯ ಹುಸೇನಬಿಯತ್ತ ನೋಡಿದ. ಆಕೆಯ ಆಟೋ ಕೂಡ ಮುಂಜಾನೆಯಿಂದ ನಿಂತಿತ್ತು.

"ನನ್ನ ಮೋತಿ ಏನ್ ನೋಡ್ತಿ?" ಎಂದಳು ಆಕೆ. "ನಿನ್ನ ಟ್ಯಾಕ್ಸಿ ಓಣಿ ಬಾಯಿತನಕ ನೂಕೋಣು. ಸಂತಿ ರಸ್ತೆದಾಗ ಸಣ್ಣ ವಿಮಾ ನಡೀತೈತಿ. ಮುಂದಿನ ವರ್ಷ ನನ್ನ ಮಗಳು ಪಾಸಾದ್ರ, ಆಗ ನೀ ನೂಕು."

ಓಣಿಯವರೆಲ್ಲ ಸೇರಿ ಟ್ಯಾಕ್ಸಿ ನೂಕಿದರು, ಆಟೋಗಳನ್ನೂ ನೂಕಿದರು. ಗಲಗಲಿಯವರ ಕಾರಿಗೆ ಮಾತ್ರ ಯಾರೂ ಕೈ ಹಚ್ಚಲಿಲ್ಲ.

"ನಂದೂ ಒಂಚೂರು ನೂಕ್ರಪಾ!"

ಶಂಕ್ರವ್ವ ಅವರ ಕಾರಿನ ಕಿಟಕಿಗೆ ಬಗ್ಗಿದಳು. "ನೀವು ದೊಡ್ಡ ಪಾಲಿಸಿ ಮಾಡಸ್ರಿ ಸಾಹೇಬ್ರ. ಇನ್ನ ನಾವು ಸೋವಿ ಆಗೂದಿಲ್ಲ."